ಪಾಯ ಮುಚ್ಚುವ ಮೊದಲು ಯಾರು ನೋಡಿದ್ದರು?

(ಮನೆ ಮಾಡಿಕೊಳ್ಳಲು ಹೊರಟಿರುವ ಶಿಕ್ಷಕರು ಮತ್ತು ಸರ್ಕಾರಿ ನೌಕರರ ಮುಂದೆ ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಪ್ಲಾಟ್ ತಗೊಂಡು ಕಟ್ಟಿಸಬೇಕಾ, ಬಿಲ್ಡರ್ ಕಟ್ಟಿದ್ದನ್ನೇ ಕೊಳ್ಳಬೇಕಾ? ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಈ ಪ್ರಶ್ನೆ ಹಿಡಿದೇ ಬರುತ್ತಾರೆ. ಕೈಯಲ್ಲಿ ಒಂದು ಹಾಳೆ ಇರುತ್ತದೆ. ಎಡಕ್ಕೆ ಕಟ್ಟಿಸಿದರೆ ಎಷ್ಟು, ಬಲಕ್ಕೆ ಕೊಂಡರೆ ಎಷ್ಟು ಅಂತ ಬರೆದಿರುತ್ತಾರೆ. ಲೆಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಾನು ಆ ಹಾಳೆ ನೋಡುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಅಲ್ಲಿ ಮಣ್ಣು ಯಾವುದು? ಕೆಲಸ ನಡೆಯುವಾಗ ದಿನಾ ಅಲ್ಲಿ ನಿಲ್ಲುವವರು ಯಾರು?

ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆ. ಹಾಳೆಯ ಲೆಕ್ಕ ಆಮೇಲೆ ನೋಡೋಣ.

ಮೊದಲು ಮಣ್ಣು. ನಿಮ್ಮ ಬಲಗಡೆಯ ಕಿಟಕಿ ನೋಡಿ. ಮೇಲಿನ ಮೂಲೆಯಿಂದ ಓರೆಯಾಗಿ ಛತ್ತಿನ ಕಡೆ ಹೋದ ಬಿರುಕು ಕಾಣುತ್ತದೆ ಅಲ್ವಾ? ಅದರ ಮೇಲೆ ಎರಡು ಸಲ ಬಣ್ಣ ಹೊಡೆದಿದ್ದಾರೆ. ಎರಡು ಸಲವೂ ಅದು ಮತ್ತೆ ಬಂದಿದೆ. ಗೋಡೆಯ ನಡುವೆ ಸಣ್ಣ ಜೇಡರ ಬಲೆ ಥರ ಬಿರುಕು ಇದ್ದರೆ ಅದು ಗಿಲಾವಿನದು, ಹೆದರಬೇಡಿ. ಆದರೆ ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಜಾಸ್ತಿ ಸಲ ಪಾಯದಿಂದ ಬಂದಿರುತ್ತದೆ. ಕೆಳಗೆ ಒಂದು ಕಡೆ ನೆಲ ಎದ್ದಿದೆ, ಇನ್ನೊಂದು ಕಡೆ ಕೂತಿದೆ.

ನಮ್ಮ ಕಲಬುರಗಿ ಸುತ್ತ ಎಲ್ಲಿ ಅಗೆದರೂ ಎರೆ ಮಣ್ಣು. ಇದೇ ಮಣ್ಣು ನಮ್ಮನ್ನು ತೊಗರಿ ಕಣಜ ಮಾಡಿದ್ದು. ಮಳೆ ನಿಂತ ಮೇಲೂ ಚಳಿಗಾಲದ ತನಕ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ತೊಗರಿ ಬೆಳೆಯುತ್ತದೆ. ಆದರೆ ನೀರು ಹಿಡಿಯುವ ಆ ಗುಣವೇ ಮನೆಗೆ ಕೇಡು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲಕ್ಕೆ ಹೋದವರಿಗೆ ಗೊತ್ತು, ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈ ತನಕ ಇಳಿಯುತ್ತದೆ. ಅದೇ ನೆಲ ಆಗಸ್ಟ್‌ನಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಬಹಳ ನುಣುಪಾದ ಜೇಡಿ ಇದೆ. ಅದರ ಪದರು ಪದರಿನ ನಡುವೆ ನೀರು ಹೋಗಿ ಕೂರುತ್ತದೆ, ಪದರು ದೂರ ಸರಿಯುತ್ತವೆ. ಆ ಒತ್ತಡ ಒಂದು ಅಂತಸ್ತಿನ ಮನೆಯನ್ನು ಎತ್ತುವಷ್ಟು ಇರುತ್ತದೆ. ಭಾರವಾದ ದೊಡ್ಡ ಕಟ್ಟಡಕ್ಕಿಂತ ಹಗುರವಾದ ಸಣ್ಣ ಮನೆಗೇ ಇದರ ಕಾಟ ಜಾಸ್ತಿ. ಅಂದರೆ ನಾವು ನೀವು ಕಟ್ಟಿಸುವ ಮನೆಗೆ.

ಬೀದರ್ ಕಡೆಯವರು ಇಲ್ಲಿ ಒಂದಿಬ್ಬರು ಇದ್ದೀರಿ. ನಿಮ್ಮ ಊರಿನ ಗುಡ್ಡದ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು. ಸ್ವಲ್ಪ ಅಗೆದರೆ ಗಟ್ಟಿ ಸಿಗುತ್ತದೆ. ಆ ಕಲ್ಲಿನೊಳಗೇ ಹಿಂದಿನವರು ನೀರಿಗೆ ಸುರಂಗ ಕೊರೆದಿದ್ದಾರೆ, ಅದೇ ಕರೇಜ್. ಯಾದಗಿರಿಯಲ್ಲಿ ಕೋಟೆ ಇರುವ ಗುಡ್ಡವೇ ಗ್ರಾನೈಟ್ ಕಲ್ಲು, ಆದರೆ ಊರು ಬಿಟ್ಟು ಹೊಲದ ಕಡೆ ಹೋದರೆ ಅಲ್ಲೂ ಎರೆ ಬರುತ್ತದೆ. ಒಂದೇ ಊರಲ್ಲಿ ಈ ಓಣಿಗೆ ಆ ಓಣಿಗೆ ಮಣ್ಣು ಬೇರೆ ಇರಬಹುದು. ಅದಕ್ಕೇ "ನಮ್ಮ ಸಂಬಂಧಿಕರು ನಾಲ್ಕು ಅಡಿ ಪಾಯ ಹಾಕ್ಯಾರ್ರಿ, ನಮಗೂ ಅಷ್ಟೇ ಸಾಕು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಒಂದು ಪಾಯ ಅಗೆದದ್ದನ್ನು ಹೇಳುತ್ತೇನೆ. ಜೇವರ್ಗಿ ರಸ್ತೆ ಕಡೆ, ಮೂವತ್ತು ನಲವತ್ತರ ಪ್ಲಾಟ್. ಮಾಲೀಕರು ಗಂಡ ಹೆಂಡತಿ ಇಬ್ಬರೂ ನೌಕರಿಯವರು. ನಾಲ್ಕೂವರೆ ಅಡಿ ಅಂತ ಲೆಕ್ಕ ಹಾಕಿ ದುಡ್ಡು ಹೊಂದಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಗೌಂಡಿ ಫೋನ್ ಮಾಡಿದ. "ಸರ, ಐದು ಫೂಟಿಗೂ ಗಟ್ಟಿ ಹತ್ತಿಲ್ರಿ." ನಾನು ಹೋಗಿ ಗುಂಡಿಗೆ ಇಳಿದೆ. ಮೇಲಿನ ಮೂರು ಅಡಿ ಕಪ್ಪು. ಹಾರೆ ಹಾಕಿದರೆ ಸದ್ದಿಲ್ಲದೆ ಇಳಿಯುತ್ತಿತ್ತು, ಎತ್ತಿದರೆ ತುದಿಗೆ ಹೆಂಟೆ ಅಂಟಿಕೊಂಡು ಬರುತ್ತಿತ್ತು. ಅದರ ಕೆಳಗೆ ಬೂದು ಬಣ್ಣ, ನಡುನಡುವೆ ಬಿಳಿ ಸುಣ್ಣದ ಹರಳು. ನೋಡುವವರಿಗೆ ಇದು ಗಟ್ಟಿ ಅನಿಸುತ್ತದೆ. ಅಲ್ಲ. ಆ ಬೂದು ಮಣ್ಣನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಂಡೆ ಕಟ್ಟಿ ತೋರಿಸಿದೆ. ಶಾವಿಗೆ ಥರ ಹೊಸೆದರೂ ತುಂಡಾಗಲಿಲ್ಲ. ಹಾಗೆ ಹೊಸೆಯಲು ಬರುವ ಮಣ್ಣು ಇನ್ನೂ ಉಬ್ಬುವ ಮಣ್ಣೇ. ಮತ್ತೆ ಅಗೆದರು. ಏಳು ಅಡಿ ದಾಟಿದ ಮೇಲೆ ಹಳದಿ ಮುರುಂ, ಅಂದರೆ ಗಟ್ಟಿ ಗರಸು ಮಣ್ಣು, ಬಂತು. ಹಾರೆ ಠಣ್ ಅಂತು. ಗೌಂಡಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸಾಕು ಅಂತ ಇಬ್ಬರಿಗೂ ಗೊತ್ತಾಯಿತು.

ಎರಡೂವರೆ ಅಡಿ ಜಾಸ್ತಿ ಹೋದದ್ದಕ್ಕೆ ಖರ್ಚು ಬಂತು, ನಿಜ. ಅಡುಗೆಮನೆಯ ಕಪಾಟು ಮುಂದಿನ ವರ್ಷಕ್ಕೆ ಹೋಯಿತು. ಆದರೆ ಈಗ ನೀವೇ ಯೋಚನೆ ಮಾಡಿ. ಅದೇ ಗುಂಡಿಯ ಮುಂದೆ ಮಾಲೀಕರು ಇರಲಿಲ್ಲ, ಇಂಜಿನಿಯರ್ ಇರಲಿಲ್ಲ ಅಂದುಕೊಳ್ಳಿ. ಮಾರುವುದಕ್ಕೆ ಅಂತ ಕಟ್ಟುವವರು ಇದ್ದರು ಅಂದುಕೊಳ್ಳಿ. ಐದು ಅಡಿಗೆ ನಿಲ್ಲಿಸಿ ಕಾಂಕ್ರೀಟ್ ಹಾಕಿ ಮಣ್ಣು ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ? ಕೊಳ್ಳಲು ಬಂದವರು ಟೈಲ್ಸ್ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಪೂಜಾ ಕೋಣೆ ಯಾವ ಮೂಲೆಗೆ ಇದೆ ಅಂತ ಕೇಳುತ್ತಾರೆ. ಕೆಳಗಿನದು ಯಾರಿಗೂ ಕಾಣುವುದಿಲ್ಲ.

ಎಲ್ಲ ಬಿಲ್ಡರ್‌ಗಳೂ ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎರೆ ಆಳ ಇದ್ದ ಕಡೆ ಅಂಡರ್‌ರೀಮ್ಡ್ ಪೈಲ್ ಹಾಕಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದರೆ ಬುಡದಲ್ಲಿ ಗಡ್ಡೆಯ ಹಾಗೆ ದಪ್ಪ ಮಾಡಿದ ಕಾಂಕ್ರೀಟ್ ಕಂಬ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ಮಣ್ಣಿಗೆ ಅಂತಲೇ ಬೆಳೆಸಿದ ವಿಧಾನ ಅದು. ಕಡಿಮೆ ಅಂದರೂ ಮೂರೂವರೆ ಮೀಟರ್ ಇಳಿಸುತ್ತಾರೆ, ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಕೆಳಗಿನ ಗಡ್ಡೆ ಹಿಡಿದಿರುತ್ತದೆ. ಅದನ್ನು ಮಾಡಿದವರು ಫೋಟೋ ಇಟ್ಟುಕೊಂಡಿರುತ್ತಾರೆ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಪಾಯದ ಫೋಟೋ ಕೇಳಿದ ಕೂಡಲೇ ಮಾತು ಬದಲಿಸುವವರ ಹತ್ತಿರ ಮನೆ ಕೊಳ್ಳಬೇಡಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನನ್ನ ಅಕ್ಕನ ಮನೆ. ನಾನು ಆಗ ಬಳ್ಳಾರಿಯಲ್ಲಿ ಕೆಲಸದಲ್ಲಿದ್ದೆ. ಅಕ್ಕ, ಭಾವ ರಿಂಗ್ ರೋಡ್ ಆಚೆ ಒಂದು ಮನೆ ನೋಡಿದರು. ಒಂದೇ ಸಾಲಿನಲ್ಲಿ ನಾಲ್ಕು ಮನೆ, ಎಲ್ಲ ಒಂದೇ ಥರ. ಫೋನಿನಲ್ಲಿ ಹೇಳಿದರು, ನಾನು "ದಾಖಲೆ ಸರಿ ಇದ್ದರೆ ತಗೋ ಅಕ್ಕಾ" ಅಂದೆ. ಮಣ್ಣಿನ ಮಾತು ಕೇಳಲಿಲ್ಲ. ಆ ತಪ್ಪು ನನ್ನದು. ಗೃಹಪ್ರವೇಶಕ್ಕೆ ಬಂದಾಗ ಮನೆ ಕನ್ನಡಿ ಥರ ಹೊಳೆಯುತ್ತಿತ್ತು. ಎರಡನೇ ಮಳೆಗಾಲಕ್ಕೆ ಹಿಂದಿನ ಬಾಗಿಲು ಹಿಡಿಯಲು ಶುರುವಾಯಿತು. ದೀಪಾವಳಿ ಹೊತ್ತಿಗೆ ಮಲಗುವ ಕೋಣೆಯ ಕಿಟಕಿ ಮೂಲೆಯಿಂದ ಬಿರುಕು. ಕಟ್ಟಿ ಮಾರಿದವರನ್ನು ಕರೆದರೆ, ಗಿಲಾವಿನ ಬಿರುಕು, ಪುಟ್ಟಿ ಹಾಕಿದರೆ ಹೋಗುತ್ತದೆ ಅಂದರು. ಹಾಕಿದರು. ಮತ್ತೆ ಬಂತು. ಆಮೇಲೆ ಫೋನ್ ಎತ್ತಲಿಲ್ಲ.

ನಾನು ರಜೆಯಲ್ಲಿ ಬಂದು ಹೊರಗೋಡೆಯ ಪಕ್ಕ ಒಂದು ಗುಂಡಿ ತೆಗೆಸಿದೆ. ಪಾಯ ಮೂರೂವರೆ ಅಡಿಗೆ ನಿಂತಿತ್ತು. ಕಪ್ಪು ಮಣ್ಣಿನ ಮೇಲೆ. ಅಕ್ಕ ಗುಂಡಿಯ ದಂಡೆಗೆ ಕೂತು ನೋಡಿದಳು, ಏನೂ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಉಳಿತಾಯ ಹಾಕಿದ ಮನೆ ಅದು.

ಏನು ಮಾಡಿದೆವು ಅಂತ ಹೇಳುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು. ಮೊದಲು ಬಿರುಕಿನ ಎರಡೂ ದಂಡೆಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆದೆ. ಗೋಡೆ ಇನ್ನೂ ಅಲುಗಾಡುತ್ತಿದ್ದರೆ ಗಾಜು ಒಡೆಯುತ್ತದೆ. ಎರಡು ತಿಂಗಳಿಗೆ ಒಡೆಯಿತು. ಆಮೇಲೆ ನೀರು ಎಲ್ಲಿಂದ ಹೋಗುತ್ತಿದೆ ಅಂತ ಹುಡುಕಿದೆವು. ಬಚ್ಚಲಿನ ಪೈಪ್ ಗೋಡೆಯ ಬುಡದಲ್ಲೇ ಸೋರುತ್ತಿತ್ತು. ಗೋಡೆಗೆ ಹತ್ತಿ ಕರಿಬೇವು, ಪಪ್ಪಾಯಿ ಗಿಡ ಇದ್ದವು, ದಿನಾ ನೀರು ಹಾಕುತ್ತಿದ್ದರು. ಪೈಪ್ ಬದಲಿಸಿದೆವು. ಗಿಡ ದೂರಕ್ಕೆ ಹೋದವು. ಮನೆಯ ಸುತ್ತ ಮೂರು ಅಡಿ ಅಗಲ ಎರೆ ತೆಗೆದು ಮುರುಂ ತುಂಬಿ ಕುಟ್ಟಿಸಿ, ಮೇಲೆ ಶಹಾಬಾದ್ ಪರಸಿ ಹಾಸಿದೆವು. ಹೊರಗಡೆಗೆ ಇಳಿಜಾರು, ಸಂದುಗಳಿಗೆ ಸಿಮೆಂಟ್. ಮಳೆ ನೀರು ಪಾಯದ ಹತ್ತಿರ ಇಳಿಯಬಾರದು, ಬೇಸಿಗೆಯಲ್ಲಿ ಅಲ್ಲಿನ ಹಸಿ ಆರಿಹೋಗಬಾರದು. ಅಷ್ಟೇ ಉಪಾಯ. ಪಾಯದ ಕೆಳಗಿನ ಮಣ್ಣು ಒಂದೇ ಹದದಲ್ಲಿ ಇದ್ದರೆ ಗೋಡೆ ಸುಮ್ಮನಿರುತ್ತದೆ. ಎರಡನೇ ಗಾಜು ಅಂಟಿಸಿ ಮೂರು ವರ್ಷ ಆಯಿತು, ಒಡೆದಿಲ್ಲ. ಹೊಸ ಮನೆ ಕಟ್ಟಿಸುವವರು ಈ ಪರಸಿ ಪಟ್ಟಿಯನ್ನು ಮೊದಲ ದಿನದಿಂದಲೇ ನಕ್ಷೆಯಲ್ಲಿ ಸೇರಿಸಿಕೊಳ್ಳಿ. ಶಹಾಬಾದ್ ಕಲ್ಲು ನಮ್ಮ ಮನೆ ಬಾಗಿಲಲ್ಲೇ ಸಿಗುತ್ತದೆ. ನೀರಿನ ಸಂಪ್ ಕೂಡ ಗೋಡೆಯಿಂದ ದೂರ ಇರಲಿ. ಎರೆಯಲ್ಲಿ ಸೋರುವ ಸಂಪ್ ಅಂದರೆ ಮನೆ ಕೆಳಗೆ ಕೆರೆ ಇಟ್ಟ ಹಾಗೆ.

ಈಗ ನಿಮಗೆ ಅನಿಸಬಹುದು, ಸರಿ, ಹಾಗಾದರೆ ಸ್ವಂತ ಕಟ್ಟಿಸುವುದೇ ವಾಸಿ ಅಂತ. ಅದನ್ನೂ ಅಷ್ಟು ಬೇಗ ಹೇಳಲಾರೆ. ನನ್ನ ಜೊತೆ ಓದಿದ ಒಬ್ಬರು ಬೆಂಗಳೂರಲ್ಲಿ ನೌಕರಿ ಮಾಡುತ್ತಾ ಇಲ್ಲಿ ಮನೆ ಕಟ್ಟಿಸಿದರು. ಪೂರ್ತಿ ಫೋನಿನ ಮೇಲೆ. ದಿನಾ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ. ಮೇ ತಿಂಗಳಲ್ಲಿ ಸ್ಲ್ಯಾಬ್ ಹಾಕಿದರು. ಆ ವಾರ ಬಿಸಿಲು 43 ಡಿಗ್ರಿ ಹತ್ತಿರ ಇತ್ತು. ನಳದ ನೀರು ಬರಲಿಲ್ಲ, ಟ್ಯಾಂಕರ್‌ಗೆ ದುಡ್ಡು ಹೆಚ್ಚು ಅಂತ ಮೂರು ದಿನಕ್ಕೆ ನೀರು ಹೊಡೆಯುವುದನ್ನು ನಿಲ್ಲಿಸಿದರು. ಫೋಟೋದಲ್ಲಿ ಸ್ಲ್ಯಾಬ್ ಚೆನ್ನಾಗಿಯೇ ಕಾಣುತ್ತಿತ್ತು. ಒಣಗಿದ ಸ್ಲ್ಯಾಬ್ ಚೆನ್ನಾಗಿ ನೆನೆದ ಸ್ಲ್ಯಾಬ್ ಥರವೇ ಫೋಟೋದಲ್ಲಿ ಬರುತ್ತದೆ. ಮೊದಲ ಮಳೆಗೆ ಎರಡು ಕೋಣೆ ಸೋರಿದವು.

ನಮ್ಮ ಊರಿನ ಬಿಸಿಲಿಗೆ ಕಾಂಕ್ರೀಟ್ ಕಡಿಮೆ ಅಂದರೂ 10 ದಿನ ಒದ್ದೆ ಇರಬೇಕು. ಈಗ ಸಿಗುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್‌ಗೆ 14 ದಿನ ಕೊಟ್ಟರೆ ಒಳ್ಳೆಯದು. ಇದು ನನ್ನ ಮಾತಲ್ಲ, ಐಎಸ್ 456 ಅನ್ನುವ ಭಾರತೀಯ ಮಾನಕದಲ್ಲಿ ಇರುವುದು. ಸ್ಲ್ಯಾಬ್ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ, ಕಂಬಕ್ಕೆ ಗೋಣಿ ಚೀಲ ಸುತ್ತಿ ತೋಯಿಸಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಗೋಣಿ ಮುಟ್ಟಿ ನೋಡಿ. ಬೆಳಿಗ್ಗೆ ಒದ್ದೆ ಇರುವುದು ದೊಡ್ಡದಲ್ಲ, ಮಧ್ಯಾಹ್ನ ಎರಡಕ್ಕೆ ಒದ್ದೆ ಇರಬೇಕು.

ಕಾಂಕ್ರೀಟ್ ಕಲಸುವಾಗ ಹಾಕುವ ನೀರು ಇನ್ನೊಂದು. ಒಂದು ಚೀಲ ಸಿಮೆಂಟ್‌ಗೆ ಸುಮಾರು 25ರಿಂದ 27 ಲೀಟರ್ ಸಾಕು. ಸುರಿಯಲು ಸಲೀಸು ಅಂತ ಜಾಸ್ತಿ ಹಾಕುತ್ತಾರೆ, ಎಷ್ಟು ಹೆಚ್ಚು ಹಾಕಿದರೋ ಅಷ್ಟು ಶಕ್ತಿ ಕಡಿಮೆ. ಒಂದು ಬಕೆಟ್‌ಗೆ ಗೆರೆ ಎಳೆದು ಕೊಡಿ, ಗೆರೆ ತನಕ ಮಾತ್ರ ಅಂತ ಹೇಳಿ. ಇನ್ನು ಸ್ಲ್ಯಾಬ್ ಹಿಂದಿನ ದಿನ ಸಂಜೆ ನೀವೇ ಮೇಲೆ ಹತ್ತಿ ನೋಡಿ. ಸರಳುಗಳ ಕೆಳಗೆ ಕವರ್ ಬ್ಲಾಕ್, ಅಂದರೆ ಸರಳು ಹಲಗೆಗೆ ತಾಗದ ಹಾಗೆ ಎತ್ತಿ ಹಿಡಿಯುವ ಸಣ್ಣ ತುಂಡು, ಇದೆಯಾ? ಸ್ಲ್ಯಾಬ್‌ಗೆ 20 ಮಿಲಿಮೀಟರ್, ಕಂಬಕ್ಕೆ 40. ಕೆಲವು ಕಡೆ ಖಡಿ ತುಂಡು ಇಟ್ಟಿರುತ್ತಾರೆ, ಕಾಲಿಟ್ಟರೆ ಸರಿಯುತ್ತದೆ. ಸರಳು ಕೆಳಗಿನ ಹಲಗೆಗೆ ತಾಗಿದರೆ ಹತ್ತು ವರ್ಷದಲ್ಲಿ ತುಕ್ಕು ಹಿಡಿದು ಸ್ಲ್ಯಾಬ್ ಚಕ್ಕೆ ಬೀಳುತ್ತದೆ. ನಮ್ಮ ಎಷ್ಟೋ ಹಳೇ ಕ್ವಾರ್ಟರ್ಸ್‌ಗಳಲ್ಲಿ ನೀವು ಅದನ್ನು ನೋಡಿದ್ದೀರಿ.

ಸಿಮೆಂಟ್ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ವಾಡಿ, ಮಳಖೇಡ, ಸೇಡಂ ಕಡೆ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲೇ ಇವೆ, ತಾಜಾ ಮಾಲು ಸಿಗುತ್ತದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಒತ್ತಿರುತ್ತಾರೆ. ಮೂರು ತಿಂಗಳು ದಾಟಿದ್ದು ಬೇಡ. ಸಾವಿರ ಚದರಡಿ ಮನೆಗೆ ಸುಮಾರು 400 ಚೀಲ ಸಿಮೆಂಟ್, 4 ಟನ್ ಸ್ಟೀಲ್ ಅಂತ ಒಂದು ಅಂದಾಜು ಇಟ್ಟುಕೊಳ್ಳಿ. ಗೌಂಡಿ ಹೇಳುವ ಲೆಕ್ಕ ಇದಕ್ಕಿಂತ ಬಹಳ ಮೇಲೆ ಹೋದರೂ ಕೇಳಿ, ಬಹಳ ಕೆಳಗೆ ಬಂದರೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಕಟ್ಟಿಸುವವರಿಗೆ ಅದು ಸ್ವಲ್ಪ ಉಸಿರು.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ನಾನು ಇಲ್ಲೇ ಪಿಡಿಎ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದೆ. ಮಂಚ ಅಲುಗಾಡಿ ಎಚ್ಚರ ಆಯಿತು, ಹಾಸ್ಟೆಲ್ ಹುಡುಗರೆಲ್ಲ ಮೈದಾನಕ್ಕೆ ಓಡಿದೆವು. ಬೆಳಗಾದ ಮೇಲೆ ಗೊತ್ತಾಯಿತು, ನಮ್ಮ ಗಡಿಯ ಆಚೆ, ಮಹಾರಾಷ್ಟ್ರದಲ್ಲಿ, ಕಿಲ್ಲಾರಿ ಅನ್ನುವ ಊರು ಭೂಕಂಪಕ್ಕೆ ಮಣ್ಣುಪಾಲಾಗಿದೆ. ಗಣೇಶನನ್ನು ಕಳಿಸಿ ಮಲಗಿದ್ದ ಜನ. ಹತ್ತು ಸಾವಿರದ ಹತ್ತಿರ ಜೀವ ಹೋದವು. ಅಲ್ಲಿನ ಮನೆಗಳು ನಮ್ಮ ಆಳಂದ, ಅಫಜಲಪುರದ ಹಳೇ ಮನೆಗಳ ಥರವೇ. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಜಂತಿ ಹಾಕಿ ಎರಡು ಅಡಿ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು. ಆದರೆ ಗೋಡೆಯ ಒಳಮೈ, ಹೊರಮೈ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ಅಲುಗಾಡಿದಾಗ ಗೋಡೆ ಎರಡಾಗಿ ಸೀಳಿತು, ಮಾಳಿಗೆಯ ಮಣ್ಣೆಲ್ಲ ಮೈಮೇಲೆ ಬಿತ್ತು. 2021ರ ಅಕ್ಟೋಬರ್‌ನಲ್ಲಿ ನಮ್ಮ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದ್ದು ನಿಮಗೆ ನೆನಪಿದೆ.

ಇದನ್ನು ಹೆದರಿಸಲು ಹೇಳಲಿಲ್ಲ. ಪಾಯದ ಮಟ್ಟದಲ್ಲಿ ಒಂದು, ಕಿಟಕಿ ಬಾಗಿಲಿನ ಮೇಲೆ ಒಂದು, ಇಡೀ ಮನೆಯನ್ನು ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಡಬ್ಬಿಗೆ ಹಗ್ಗ ಕಟ್ಟಿದ ಹಾಗೆ. ಕಿಟಕಿಯ ಮೇಲೆ ಮಾತ್ರ ತುಂಡು ಲಿಂಟೆಲ್ ಹಾಕಿ ಬಿಡುವುದು ನಮ್ಮ ಕಡೆ ರೂಢಿ. ಸುತ್ತಲೂ ಎಳೆಸಲು ಆಗುವ ಹೆಚ್ಚಿನ ಖರ್ಚು ಒಂದು ಸೋಫಾದ ಬೆಲೆ. ಎರೆ ಮಣ್ಣಿನ ಬಿರುಕಿಗೂ ಇದು ತಡೆ.

ಈಗ ಕೊಳ್ಳುವ ಮಾತಿಗೆ ಬರೋಣ. ಕೊಳ್ಳುವುದರಲ್ಲಿ ನಿಜವಾದ ಅನುಕೂಲ ಇದೆ. ಕಟ್ಟಿಸುವಾಗ ಒಂದು ವರ್ಷ ಬಾಡಿಗೆಯನ್ನೂ ಕಟ್ಟುತ್ತೀರಿ, ಸಾಲದ ಬಡ್ಡಿಯನ್ನೂ ಕಟ್ಟುತ್ತೀರಿ. ಬ್ಯಾಂಕ್ ಒಂದೇ ಸಲ ದುಡ್ಡು ಕೊಡುವುದಿಲ್ಲ, ಪಾಯಕ್ಕೆ ಇಷ್ಟು, ಲಿಂಟೆಲ್‌ಗೆ ಇಷ್ಟು, ಸ್ಲ್ಯಾಬ್‌ಗೆ ಇಷ್ಟು ಅಂತ ಹಂತ ಹಂತವಾಗಿ. ಬರುವ ಬ್ಯಾಂಕ್ ಇಂಜಿನಿಯರ್ ಕೆಲಸ ಎಷ್ಟಾಗಿದೆ ಅಂತ ನೋಡುತ್ತಾರೆ, ಹೇಗಾಗಿದೆ ಅಂತ ನೋಡುವುದಿಲ್ಲ, ಅದನ್ನು ನೆನಪಿಡಿ. ಸಿದ್ಧ ಮನೆಯಲ್ಲಿ ಈ ಎರಡು ಕಡೆಯ ಎಳೆತ ಇಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು, ಅದರ ಮೇಲೆ 75 ಲಕ್ಷದ ತನಕ ಶೇ 80. ನೋಂದಣಿ ಖರ್ಚು ಕೈಯಿಂದಲೇ ಹಾಕಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ.

ಜಿಎಸ್‌ಟಿ ನೋಡಿ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಕೊಂಡರೆ ಶೇ 5. ನಮ್ಮ ಥರದ ಊರಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, 90 ಚದರ ಮೀಟರ್ ಒಳಗೆ, ಬೆಲೆ 45 ಲಕ್ಷದ ಒಳಗೆ ಇದ್ದರೆ ಶೇ 1. ಕೆಲಸ ಮುಗಿದು ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. 50 ಲಕ್ಷದ ಮನೆಗೆ ಶೇ 5 ಅಂದರೆ ಎರಡೂವರೆ ಲಕ್ಷ.

ರೇರಾ, ಅಂದರೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾನೂನು, 2016ರದು. ಅದರಲ್ಲಿ ಕೊಳ್ಳುವವರಿಗೆ ಒಳ್ಳೆಯ ಹಿಡಿತ ಇದೆ. ಜನರಿಂದ ತಗೊಂಡ ದುಡ್ಡಿನ ಶೇ 70 ಬೇರೆ ಖಾತೆಯಲ್ಲಿ ಇಟ್ಟು ಅದೇ ಕಟ್ಟಡಕ್ಕೆ ಬಳಸಬೇಕು. ನೋಂದಾಯಿತ ಕರಾರು ಆಗದೆ ಶೇ 10ಕ್ಕಿಂತ ಜಾಸ್ತಿ ಮುಂಗಡ ಕೇಳಬಾರದು. ಮನೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಅವರೇ ಸರಿಮಾಡಿಕೊಡಬೇಕು. ಆದರೆ ನಮ್ಮ ಊರಿಗೆ ಮುಖ್ಯವಾದ ಮಾತು ಬೇರೆ ಇದೆ. 500 ಚದರ ಮೀಟರ್ ದಾಟದ ಜಾಗ, ಇಲ್ಲವೇ 8 ಮನೆ ಮೀರದ ಕಟ್ಟಡ ಇದ್ದರೆ ನೋಂದಣಿ ಮಾಡಲೇಬೇಕು ಅಂತ ಇಲ್ಲ. ನಮ್ಮಲ್ಲಿ ಮನೆ ಕಟ್ಟಿ ಮಾರುವವರು ಜಾಸ್ತಿ ಇಂಥ ಸಣ್ಣವರೇ ಅಲ್ವಾ? ಒಂದು ಪ್ಲಾಟ್ ತಗೊಳ್ಳುತ್ತಾರೆ, ಎರಡು ಮನೆ ಕಟ್ಟುತ್ತಾರೆ, ಮಾರಿ ಮುಂದಿನ ಪ್ಲಾಟಿಗೆ ಹೋಗುತ್ತಾರೆ. ಅಕ್ಕನ ಮನೆಯೂ ಹಾಗೇ, ನಾಲ್ಕೇ ಮನೆ. ಅಂಥ ಕಡೆ ಆ 5 ವರ್ಷದ ಮಾತನ್ನು ನೀವೇ ಕರಾರಿನಲ್ಲಿ ಬರೆಸಬೇಕು. ಪಾಯದ ಆಳ, ಸ್ಟೀಲ್ ಎಷ್ಟು, ಸಿಮೆಂಟ್ ಯಾವುದು, ಬಿರುಕು ಬಂದರೆ ಯಾರ ಹೊಣೆ, ಎಲ್ಲವೂ ಕಾಗದದ ಮೇಲೆ. ಬಾಯಿಮಾತು ನಂಬಿ ಮುಂಗಡ ಕೊಡಬೇಡಿ. ಮುಂದೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಆ ಕಾಗದವೇ ನಿಮ್ಮ ಸಾಕ್ಷಿ.

ದಾಖಲೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೆ ವಕೀಲರಿದ್ದಾರೆ. ಜಾಗ ಎನ್‌ಎ, ಅಂದರೆ ಕೃಷಿಯೇತರ, ಆಗಿದೆಯಾ, ಲೇಔಟ್‌ಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯಾ, ಇ-ಖಾತಾ ಇದೆಯಾ, ಋಣಭಾರ ಪತ್ರ ಏನು ಹೇಳುತ್ತದೆ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಗುಂಟೆ ಲೆಕ್ಕದಲ್ಲಿ ಹೊಲ ಕತ್ತರಿಸಿ ಮಾರುವವರ ಹತ್ತಿರ ಹೋಗಬೇಡಿ, ಅಗ್ಗ ಅನಿಸುತ್ತದೆ, ಆಮೇಲೆ ಬ್ಯಾಂಕ್ ಸಾಲವೂ ಇಲ್ಲ, ಪರವಾನಗಿಯೂ ಇಲ್ಲ. ಹಳೇ ಓಣಿಗಳಲ್ಲಿ, ಶಹಾಬಜಾರ್, ಬ್ರಹ್ಮಪುರ ಕಡೆ ಕೊಳ್ಳುವವರಿಗೆ ಇನ್ನೊಂದು ಮಾತು. 1948ರ ಮುಂಚಿನ ನಿಜಾಮ್ ಕಾಲದ ದಾಖಲೆ ಉರ್ದುವಿನಲ್ಲಿ ಇರುತ್ತದೆ. ಮಾರುವವರು ಓದಿ ಹೇಳಿದ್ದನ್ನು ಕೇಳಿ ಸುಮ್ನೆ ತಲೆ ಆಡಿಸಬೇಡಿ, ಬೇರೆಯವರಿಂದ ಓದಿಸಿ ಬರೆಸಿಕೊಳ್ಳಿ. ಮನೆ ಮುಗಿದ ಮೇಲೆ, ಇನ್ನು ವಾಸಕ್ಕೆ ಹೋಗಬಹುದು ಅನ್ನುವ ಸ್ವಾಧೀನಾನುಭವ ಪತ್ರ ಅಂತ ಒಂದು ಬರುತ್ತದೆ, ಓಸಿ ಅನ್ನುತ್ತಾರೆ. ಅದಿಲ್ಲದ ಕಟ್ಟಡಕ್ಕೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮೀಟರ್‌ಗೋಸ್ಕರ ಓಡಾಡಿದವರು ಬಹಳ ಜನ. ನೋಂದಣಿಗೆ ಮುಂಚೆಯೇ ಈ ಮಾತು ಇತ್ಯರ್ಥ ಮಾಡಿಕೊಳ್ಳಿ.

ಇಷ್ಟೆಲ್ಲ ಕೇಳಿ ಯಾವುದು ಸರಿ ಅಂದರೆ, ನನ್ನ ಅಭಿಪ್ರಾಯ ಹೀಗೆ. ನಿಮ್ಮ ಮನೆಯಲ್ಲಿ ಒಬ್ಬರು ಪಾಯದಿಂದ ಸ್ಲ್ಯಾಬ್ ತನಕ ದಿನಾ ಎರಡು ತಾಸು ನಿಲ್ಲುವುದಾದರೆ ಕಟ್ಟಿಸಿ. ನಿಲ್ಲುವವರು ಇಲ್ಲದಿದ್ದರೆ ಕೊಳ್ಳಿ, ಆದರೆ ಹೊಸದಾಗಿ ಬಣ್ಣ ಹೊಡೆದದ್ದನ್ನು ಕೊಳ್ಳಬೇಡಿ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ದಾಟಿದ ಮನೆ ಹುಡುಕಿ. ಎರೆ ಮಣ್ಣು ಒಂದು ಸಲ ಉಬ್ಬಿ ಒಂದು ಸಲ ಕುಗ್ಗಿದ ಮೇಲೆ ಪಾಯ ಹೇಗಿದೆ ಅಂತ ಗೋಡೆಯೇ ಹೇಳುತ್ತದೆ. ಮಾರುವವರು ಹೇಳಬೇಕಾಗಿಲ್ಲ. ನೋಡಲು ಹೋದಾಗ ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ ನೋಡಿ. ಬಣ್ಣ ಹೊಡೆಯಲು ಮರೆಯುವ ಜಾಗ ಅವು. ಎಲ್ಲ ಬಾಗಿಲನ್ನೂ ತೆಗೆದು ಹಾಕಿ ನೋಡಿ. ಒಂದು ಗೋಲಿ ತಗೊಂಡು ಹೋಗಿ, ನೆಲದ ಮೇಲೆ ಬಿಡಿ, ಬಚ್ಚಲು ಬಿಟ್ಟು ಬೇರೆ ಕಡೆ ಅದು ತಾನಾಗಿ ಓಡಬಾರದು.

ಬಿಸಿಲಿನ ಮಾತೂ ಇದೆ. ಕಟ್ಟಿಸುವುದರಲ್ಲಿ ನಾನು ಕಾಣುವ ದೊಡ್ಡ ಸುಖ ಇದೇ. ಪಶ್ಚಿಮದ ಗೋಡೆ ಮಧ್ಯಾಹ್ನದಿಂದ ಕಾದು ರಾತ್ರಿ ಹನ್ನೊಂದರ ತನಕ ಒಳಗೆ ಬಿಸಿ ಬಿಡುತ್ತದೆ. ನಿಮ್ಮದೇ ನಕ್ಷೆ ಆದರೆ ಆ ಕಡೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಇಟ್ಟು ಮಲಗುವ ಕೋಣೆಯನ್ನು ಪೂರ್ವಕ್ಕೆ ತರಬಹುದು. ಮಾರಲು ಕಟ್ಟಿದ ಮನೆಯಲ್ಲಿ ನಾಲ್ಕೂವರೆ ಇಂಚಿನ ಗೋಡೆಯ ಹಿಂದೆ ಮಕ್ಕಳ ಮಂಚ ಇರುತ್ತದೆ. ಫ್ಲ್ಯಾಟ್ ಆದರೆ ಮೇಲಿನ ಕೊನೆಯ ಅಂತಸ್ತು ಬೇಡ, ಇಲ್ಲವೇ ಛತ್ತಿಗೆ ಏನು ಮಾಡಿದ್ದಾರೆ ಅಂತ ಕೇಳಿ ತಗೊಳ್ಳಿ. ಮೇ ತಿಂಗಳ ಸಂಜೆ ಆರಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಒಳಗಿನಿಂದ ಕೈ ಇಟ್ಟು ನೋಡಿ.

ಇನ್ನೊಂದು. ನಾವು ಕೆಳಗಿನ ಅಂತಸ್ತು ಕಟ್ಟಿ, ಮೇಲಿನದು ಮುಂದೆ ನೋಡೋಣ ಅಂತ ಕಂಬದ ಸರಳು ಆಕಾಶಕ್ಕೆ ಬಿಟ್ಟಿರುತ್ತೇವೆ. ಊರಿಗೂರೇ ಹಾಗಿದೆ. ಮಕ್ಕಳು ದೊಡ್ಡವರಾಗುವ ಆಸೆ ಅದು, ನಾನು ಬೇಡ ಅನ್ನಲಾರೆ. ಆದರೆ ಆ ಸರಳಿಗೆ ಸಿಮೆಂಟ್ ಹಾಲು ಬಳಿದು, ಮೇಲೆ ಸಿಮೆಂಟ್ ಕಡಿಮೆ ಹಾಕಿದ ಕಾಂಕ್ರೀಟ್ ಮುಚ್ಚಿಸಿ. ಮತ್ತು ಪಾಯವನ್ನು ಇವತ್ತೇ ಎರಡು ಅಂತಸ್ತಿಗೆ ಲೆಕ್ಕ ಹಾಕಿಸಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ, ಎದ್ದು ಕೇಳಿದರು. "ಸರ, ನನ್ನ ಸಾಲಿ ಚಿತ್ತಾಪುರದಾಗ, ನಮ್ಮ ಮನಿಯವರದು ಸುರಪುರದಾಗ. ಪ್ಲಾಟ್ ತಗೊಂಡು ಎರಡು ವರ್ಷ ಆಯ್ತು. ನಿಲ್ಲೋರು ಯಾರೂ ಇಲ್ರಿ. ಮಾರಿಬಿಟ್ಟು ಕಟ್ಟಿದ್ದೇ ತಗೋಬೇಕಾ?"

ಮನೆಯಲ್ಲಿ ಇನ್ಯಾರಿದ್ದಾರೆ ಅಂತ ಕೇಳಿದೆ.

"ನಮ್ಮ ಮಾವ ಅದಾರ್ರಿ. ಎಪ್ಪತ್ತು ವಯಸ್ಸು. ಒಕ್ಕಲುತನ ಮಾಡ್ದೋರು, ಬರೀಲಾಕ ಓದಲಾಕ ಬರಲ್ರಿ."

ಐವತ್ತು ವರ್ಷ ಎರೆ ಹೊಲದಲ್ಲಿ ಕುಂಟೆ ಹೊಡೆದವರು. ಯಾವ ಮಣ್ಣು ಎಷ್ಟು ಆಳಕ್ಕೆ ಒಣಗುತ್ತದೆ, ಎಲ್ಲಿ ಮುರುಂ ಶುರುವಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಕೆಟ್‌ನ ಗೆರೆ, ಗೋಣಿಯ ಹಸಿ ನೋಡುವುದಕ್ಕೆ ಅಕ್ಷರ ಬೇಕಾಗಿಲ್ಲ. ಪ್ಲಾಟ್ ಮಾರಬೇಡಿ ಅಂದೆ. ಭಾನುವಾರ ಮಾವನನ್ನು ಅಲ್ಲಿಗೆ ಕರೆದುಕೊಂಡು ಬನ್ನಿ, ಹಾರೆ ನಾನು ತರುತ್ತೇನೆ ಅಂತ ಹೇಳಿದ್ದೇನೆ.